ಕಿಟ್ಟೆಲ್ಲರ ಮೊದಲ ಪಾಠ

ಹೊಸ ಸೀಮೆಗೆ ಬಂದ ಧರ್ಮಪ್ರಚಾರಕನಿಗೆ ಮೊದಲು ಎದುರಾಗುವುದು ಧರ್ಮದ ಪ್ರಶ್ನೆಯಲ್ಲ, ಭಾಷೆಯ ಪ್ರಶ್ನೆ. ಜರ್ಮನಿಯಲ್ಲಿ 1832ರಲ್ಲಿ ಜನಿಸಿದ ಫರ್ಡಿನಾಂಡ್ ಕಿಟ್ಟೆಲ್ಲರು 1853ರಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ 21 ವರ್ಷ. ಅವರನ್ನು ಕಳುಹಿಸಿದ ಬಾಸೆಲ್ ಮಿಷನ್ 1834ರಿಂದಲೇ ಅಲ್ಲಿ ನೆಲೆಸಿ, 1841ರಲ್ಲಿ ಮುದ್ರಣಾಲಯವನ್ನೂ ತೆರೆದಿತ್ತು. ಆದರೆ ಮುದ್ರಿತ ಪುಸ್ತಕವು ಜನರೊಡನೆ ಮಾತನಾಡುವ ಶಕ್ತಿಯನ್ನು ಕೊಡಲಾರದು. ಉಪದೇಶಿಸಲು ಬಂದ ತರುಣನು ಮೊದಲು ಶಿಷ್ಯನಾಗಬೇಕಾಯಿತು.

ಆ ಶಿಷ್ಯವೃತ್ತಿಯು ಆರಂಭದ ದಿನಗಳಿಗೇ ಮುಗಿಯಲಿಲ್ಲವೆಂಬುದೇ ಇಲ್ಲಿನ ವಿಶೇಷ. ಆಡುನುಡಿಯಿಂದ ಹಳಗನ್ನಡದವರೆಗೆ ಸಾಗಿದ ಅವರು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ಮತಾಂತರಗಳ ಎಣಿಕೆಯಿಂದಲೇ ಪ್ರಚಾರಕರನ್ನು ಅಳೆಯುವ ಇತಿಹಾಸಕಾರನಿಗೆ ಈ 41 ವರ್ಷಗಳ ಕಲಿಕೆಯು ಗೋಚರಿಸದು.