ಬೆಟ್ಟಹಲಸೂರು: ಸವಾರಿ ಒಂದು ಗಂಟೆ, ಲಾಯ ಇಡೀ ದಿನ

ಯಲಹಂಕದಿಂದ ದೇವನಹಳ್ಳಿಗೆ ಹೋಗುವ ರೈಲು ಮಾರ್ಗದಲ್ಲಿ ಬೆಟ್ಟಹಲಸೂರು ಸಣ್ಣದೊಂದು ನಿಲ್ದಾಣ. ಸುತ್ತ ಕ್ವಾರಿಗಳು ಕೊರೆದುಬಿಟ್ಟ ಗುಡ್ಡ, ತಲೆಯ ಮೇಲೆ ವಿಮಾನ, 2008ರಲ್ಲಿ ವಿಮಾನ ನಿಲ್ದಾಣ ಬಂದಮೇಲೆ ಎಕರೆ ಬಿಟ್ಟು ಚದರಡಿಯ ಲೆಕ್ಕಕ್ಕೆ ಇಳಿದ ಹೊಲ. ಇಲ್ಲಿ 1996ರಲ್ಲಿ ಉದ್ಯಮಿ ಜಿತು ವಿರ್ವಾನಿ ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ ಕಟ್ಟಿದರು. ಎಂಬೆಸಿ ಬಳಗದ ಬೆಂಬಲದಲ್ಲಿ ಬೆಳೆದ ಬೆಂಗಳೂರಿನ ಸವಾರ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದರು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿ 23ನೆಯವರಾದರು. ಕರಪತ್ರಕ್ಕೆ ಇಷ್ಟು ಸಾಕು. ಆದರೆ ಆ ಪದಕಗಳಿಂದ ಇಲ್ಲಿನ ಲಾಯವನ್ನು ಅಳೆಯಲು ಬರುವುದಿಲ್ಲ. ಮಿರ್ಜಾ ಪಳಗಿದ್ದು ಜರ್ಮನಿಯಲ್ಲಿ, ಕುದುರೆಯೂ ಯುರೋಪಿನದು. ರೋಗಭಯದಿಂದ ಭಾರತದ ಕುದುರೆಗಳನ್ನು ಹೊರದೇಶಗಳು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೀರತ್‌ನ ಸೇನಾ ಪಶುವೈದ್ಯ ಕೇಂದ್ರದ ಆವರಣಕ್ಕೆ ಅಂತರರಾಷ್ಟ್ರೀಯ ರೋಗಮುಕ್ತ ಮಾನ್ಯತೆ ಸಿಕ್ಕಿದ್ದೇ 2025ರಲ್ಲಿ. ಹೀಗಾಗಿ ಸವಾರಿ ಶಾಲೆ ಒಳ್ಳೆಯದೋ ಅಲ್ಲವೋ ಎಂದು ನೋಡಬೇಕಾದವರು ಪದಕದ ಕಪಾಟು ಬಿಟ್ಟು ಲಾಯದ ಕಡೆ ನಡೆಯಬೇಕು.

ಸವಾರಿ ಶಾಲೆಗಳ ಮೇಲಿನ ಮೊದಲ ದೂರು ಶುಲ್ಕದ್ದು. ಮುಕ್ಕಾಲು ಗಂಟೆ ಮೈದಾನ ಸುತ್ತಿಸುವುದಕ್ಕೆ ಇಷ್ಟೊಂದು ದುಡ್ಡೇ ಎಂದು ಪೋಷಕರು ಕೇಳುತ್ತಾರೆ. ಅವರು ಮನಸ್ಸಿನಲ್ಲಿಟ್ಟುಕೊಂಡಿರುವುದು ಜಿಮ್ಮು. ಸವಾರಿ ಶಾಲೆ ನಿಜವಾಗಿ ವಿದ್ಯಾರ್ಥಿನಿಲಯ. ಒಳಗಿರುವವರಿಗೆ ರಜೆಯ ದಿನವೂ ಊಟ ಬೇಕು. ನಾಲ್ಕೂವರೆ–ಐದು ನೂರು ಕಿಲೋ ತೂಗುವ ಕುದುರೆ ದಿನಕ್ಕೆ ಎಂಟು ಹತ್ತು ಕಿಲೋ ಒಣಮೇವು ತಿನ್ನುತ್ತದೆ, ಮೂವತ್ತು ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ. ಅಷ್ಟು ದೊಡ್ಡ ಪ್ರಾಣಿಗೆ ಜಠರ ಮಾತ್ರ ಚಿಕ್ಕದು, ಮೇವಿನ ನಾರು ಹುದುಗಿ ಜೀರ್ಣವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಆದ್ದರಿಂದ ಎಮ್ಮೆಗೆ ಹಾಕಿದಂತೆ ಎರಡು ಹೊತ್ತು ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಹುಲ್ಲು, ಕುದುರೆಮಸಾಲೆ ಸೊಪ್ಪು, ಹೊಟ್ಟು, ಓಟ್ಸ್, ನೆನೆಸಿ ಬೇಯಿಸಿದ ಹುರುಳಿ ಇವನ್ನು ಸ್ವಲ್ಪಸ್ವಲ್ಪವೇ, ಹೊತ್ತು ತಪ್ಪದೆ ಕೊಡಬೇಕು. ಕೊಡುವ ಕ್ರಮ ಹಠಾತ್ತನೆ ಬದಲಾದರೆ ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡಲಾಗದು, ಆದ್ದರಿಂದ ಶೂಲೆ ಎಂದರೆ ಪ್ರಾಣಕ್ಕೇ ಬರಬಹುದು. ಇದರ ಮೇಲೆ ಹಲ್ಲು ಅರೆಯುವುದು, ಜಂತುಮದ್ದು, ಧನುರ್ವಾಯು ಮತ್ತು ಫ್ಲೂ ಲಸಿಕೆ, ಗ್ಲ್ಯಾಂಡರ್ಸ್ ರೋಗದ ಪರೀಕ್ಷೆ. ಸವಾರ ಕೊಡುವ ದುಡ್ಡು ಬೆನ್ನ ಮೇಲೆ ಕೂತ ಹೊತ್ತಿನದಲ್ಲ, ಮಿಕ್ಕ ಇಪ್ಪತ್ಮೂರು ಗಂಟೆಯದು.

ಆ ಇಪ್ಪತ್ಮೂರು ಗಂಟೆಯ ಖರ್ಚನ್ನು ಪಾಠದ ಶುಲ್ಕವೊಂದೇ ಹೊರಲಾರದು, ಅದಕ್ಕೇ ಬೋರ್ಡಿಂಗ್. ಸ್ವಂತ ಕುದುರೆ ಇದ್ದು ಮನೆಯಲ್ಲಿ ಜಾಗವಿಲ್ಲದವರು ತಿಂಗಳ ಬಾಡಿಗೆ ಕೊಟ್ಟು ಲಾಯದಲ್ಲಿ ಬಿಡುತ್ತಾರೆ. ಮಳೆಗಾಲದಲ್ಲಿ ಮೈದಾನ ಕೆಸರಾಗಿ ಪಾಠ ನಿಂತಾಗಲೂ, ಪರೀಕ್ಷೆ ಬಂದು ಮಕ್ಕಳು ಮಾಯವಾದಾಗಲೂ ಈ ಬಾಡಿಗೆ ತಪ್ಪುವುದಿಲ್ಲ. ಸಿರಿವಂತರ ಕುದುರೆಗೆ ಎಸಿ ಕೋಣೆ, ಶಾಲೆಯ ಕುದುರೆಗೆ ಶೆಡ್ಡು ಎಂದು ಹಂಗಿಸುವವರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಬಾಡಿಗೆ ಕೊಡುವ ಮಾಲೀಕ ಬಂದು ಕೇಳುತ್ತಾನೆ, ಪಾಠದ ಕುದುರೆಯ ಪರವಾಗಿ ಕೇಳುವವರಿಲ್ಲ. ದಿನಕ್ಕೆ ಎರಡು ಮೂರು ಗಂಟೆ ದುಡಿಯಬೇಕಾದದ್ದು ಭಾನುವಾರ ಐದು ಗಂಟೆ ದುಡಿದರೆ ಅದನ್ನು ಬರೆದಿಡುವವರೂ ಇಲ್ಲ. ಆದರೆ ಬೋರ್ಡಿಂಗ್ ನಿಲ್ಲಿಸಿದರೆ ಈ ಅನ್ಯಾಯ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಬಾಡಿಗೆ ನಿಂತ ತಿಂಗಳು ಮೇವಿನ ದುಡ್ಡು ಹುಟ್ಟುವುದು ಪಾಠದ ಕುದುರೆಯ ಬೆನ್ನಿನಿಂದಲೇ. ಪಶುವೈದ್ಯರು ವಾರಕ್ಕೊಮ್ಮೆ ಕಾಲಿಡುವುದೂ ಬಾಡಿಗೆಯ ಕುದುರೆಗಳ ದೆಸೆಯಿಂದ. ಬಂದವರು ಪಕ್ಕದ ಲಾಯವನ್ನೂ ನೋಡಿಯೇ ಹೋಗುತ್ತಾರೆ.

ರೇಸಿನಿಂದ ನಿವೃತ್ತವಾದ ಕುದುರೆಗಳು ಅಗ್ಗಕ್ಕೆ, ಕೆಲವೊಮ್ಮೆ ಬಿಟ್ಟಿಯಾಗಿ ಸಿಗುವಾಗ ಇಷ್ಟು ಖರ್ಚು ಯಾಕೆ ಎಂಬ ಪ್ರಶ್ನೆಯೂ ಉಂಟು. ಬಿಟ್ಟಿ ಕುದುರೆಯಷ್ಟು ದುಬಾರಿ ಮತ್ತೊಂದಿಲ್ಲ. ಎರಡು ವರ್ಷಕ್ಕೇ ಓಟಕ್ಕೆ ಇಳಿದ ಥರೋಬ್ರೆಡ್ ಲಗಾಮಿಗೆ ಭಾರ ಹಾಕಿ ಓಡುವುದನ್ನು ಕಲಿತಿರುತ್ತದೆ. ಹೆದರಿದ ಹುಡುಗ ಲಗಾಮು ಜಗ್ಗಿದರೆ ನಿಲ್ಲುವ ಬದಲು ಅದು ನಾಗಾಲೋಟಕ್ಕೆ ಬೀಳಬಹುದು. ಅದನ್ನು ಮರೆಸಿ ಮಕ್ಕಳನ್ನು ಕೂರಿಸಲು ತಿಂಗಳುಗಟ್ಟಲೆ ತಾಳ್ಮೆ ಬೇಕು, ಆ ತಾಳ್ಮೆ ಕುದುರೆ ನೋಡಿಕೊಳ್ಳುವ ಸೈಸ್‌ನದು. ಬೆಳಕು ಹರಿಯುವ ಮೊದಲೇ ಲದ್ದಿ ಬಳಿಯುವವನು, ಮಾಲೀಸು ಮಾಡುವವನು, ಕಾಲಿನ ಸ್ನಾಯುರಜ್ಜುವಿನ ಮೇಲೆ ಅಂಗೈ ಇಟ್ಟು ಬಿಸಿ ನೋಡುವವನು ಅವನೇ. ಕುದುರೆ ಮುಂಗಾಲಲ್ಲಿ ನೆಲ ಕೆರೆಯುತ್ತ ತಿರುತಿರುಗಿ ತನ್ನ ಪಕ್ಕೆ ನೋಡಿಕೊಂಡರೆ ಶೂಲೆ ಎಂದು ವೈದ್ಯರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಲಾಳ ಹೊಡೆಯುವವರ ಕಥೆ ಇನ್ನೂ ಬೇರೆ. ಜಟಕಾಗಳ ಕಾಲದಲ್ಲಿ ಬೀದಿಯಲ್ಲೇ ಸಿಗುತ್ತಿದ್ದ ಈ ಕಸುಬು ಈಗ ರೇಸ್‌ಕೋರ್ಸು, ಪೊಲೀಸ್ ಅಶ್ವಪಡೆ, ಸವಾರಿ ಶಾಲೆಗಳ ಸುತ್ತಲೇ ಹೆಚ್ಚಾಗಿ ಉಳಿದಿದೆ. ಗೊರಸು ಉಗುರಿನ ಹಾಗೆ ಬೆಳೆಯುತ್ತಲೇ ಇರುವುದರಿಂದ ಆರು ವಾರಕ್ಕೊಮ್ಮೆ ಲಾಳ ಕಿತ್ತು, ಗೊರಸು ಕೊಯ್ದು ಸಮ ಮಾಡಿ, ಮತ್ತೆ ಹೊಡೆಯಬೇಕು. ಮೊಳೆ ಹೋಗಬೇಕಾದದ್ದು ನೋವು ತಿಳಿಯದ ಹೊರಗೋಡೆಯಲ್ಲಿ. ಎಳ್ಳಿನಷ್ಟು ಒಳಗೆ ಸರಿದರೆ ಕುದುರೆ ಕುಂಟುತ್ತದೆ. ಸುತ್ತಿಗೆಯ ಸದ್ದು ಬದಲಾದದ್ದು ಕೇಳಿಯೇ ಮೊಳೆ ಎತ್ತ ಹೋಯಿತೆಂದು ತಿಳಿಯುವ ಕಿವಿ ಅಪ್ಪನಿಂದ ಮಗನಿಗೆ ಬಂದದ್ದು, ಆದರೆ ಮೊಮ್ಮಗ ಈಗ ವಿಮಾನ ನಿಲ್ದಾಣಕ್ಕೆ ಕ್ಯಾಬ್ ಓಡಿಸಲು ಹೊರಟಿದ್ದರೆ ತಪ್ಪೆನ್ನುವಂತಿಲ್ಲ. ಸವಾರನಿಗೆ ಪ್ರಮಾಣಪತ್ರ, ಬ್ಯಾಡ್ಜು ಎಲ್ಲ ಇವೆ. ಇವರ ವಿದ್ಯೆಗೆ ಕಾಗದವಿಲ್ಲ, ಕಾಗದವಿಲ್ಲದ ವಿದ್ಯೆಗೆ ಕೂಲಿಯೂ ಕಡಿಮೆ.

ನಗರ ಇಷ್ಟು ಉಸಿರುಗಟ್ಟಿರುವಾಗ ಕುದುರೆಗೆ ಭೂಮಿ ಬೇಕೇ ಎಂಬ ಆಕ್ಷೇಪಕ್ಕೆ ಉತ್ತರ ಸರಳ: ಲಾಯ ಎದ್ದುಹೋದರೆ ಆ ಜಾಗಕ್ಕೆ ಬರುವುದು ಬಡವರ ಮನೆಯಲ್ಲ, ವಿಲ್ಲಾ. ಮೈದಾನವಿದ್ದರೆ ಮಳೆ ನೀರಾದರೂ ಇಂಗುತ್ತದೆ. ಸವಾರಿಯೇ ಹಿಂಸೆ ಎನ್ನುವವರ ವಾದ ಅಷ್ಟು ಸುಲಭವಾಗಿ ತಳ್ಳಿಹಾಕುವಂಥದಲ್ಲ. ಸವಾರ, ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದೆಂಬ ಲೆಕ್ಕ ಪಾಲಿಸಿದರೆ, ದಿನಕ್ಕಿಷ್ಟು ಹೊತ್ತು ಬಯಲಲ್ಲಿ ಬಿಟ್ಟರೆ ದುಡಿಮೆ ಹಿಂಸೆಯಾಗಬೇಕಿಲ್ಲ. ಆದರೆ ದುಡಿಮೆ ಮುಗಿದ ಮೇಲಿನ ವಿಷಯದಲ್ಲಿ ಅವರ ಮಾತಿಗೆ ಶಾಲೆಗಳ ಬಳಿ ಸಮಾಧಾನವಿಲ್ಲ. ಪಾಠದ ಕುದುರೆ ಇಪ್ಪತ್ತರ ಆಸುಪಾಸಿಗೆ ದಣಿಯುತ್ತದೆ, ಇಪ್ಪತ್ತೈದು ದಾಟಿಯೂ ಬದುಕುತ್ತದೆ. ಆ ವರ್ಷಗಳ ಮೇವು ಯಾರ ಲೆಕ್ಕಕ್ಕೆ? ಶುಲ್ಕದ ಪಟ್ಟಿಯಲ್ಲಿ ಹೆಲ್ಮೆಟ್ಟಿಗೆ, ವಿಮೆಗೆ, ಪದಕ ಸಮಾರಂಭಕ್ಕೆ ಸಾಲುಗಳಿವೆ. ಮುದಿ ಕುದುರೆಗೆಂದೂ ಒಂದು ಸಾಲು ಸೇರಿಸಿ, ಪಾಠಕ್ಕೆ ಇನ್ನಷ್ಟು ಹೆಚ್ಚು ಕೇಳಿದರೆ ಕೊಡುವವರು ಕೊಡುತ್ತಾರೆ. ದುಬಾರಿ ಎಂದು ಗೊಣಗುವ ಪೋಷಕರು ಚೌಕಾಸಿಗೆ ಕೂರುವ ಮೊದಲು ಆ ಸಾಲು ಇದೆಯೇ ಎಂದು ಕೇಳಲಿ.