ಹೆದ್ದಾರಿ 766ರ ಆಚೆ ಒಂದು ಟಿಬೆಟ್

ನಂಜನಗೂಡನ್ನು ಹಾದು ಮೈಸೂರು ಸೇರುವ ರಾಷ್ಟ್ರೀಯ ಹೆದ್ದಾರಿ 766, ಅಲ್ಲಿಂದ ತಿ. ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುತ್ತದೆ. ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ ಕಡೆಯ ಬಸ್ಸು ಹತ್ತಿದರೆ ಒಡೆಯರಪಾಳ್ಯ. ಮುಸುಕಿನ ಜೋಳದ ಹೊಲ, ಗಾಳಿಗೆ ಪಟಪಟಿಸುವ ಪ್ರಾರ್ಥನಾ ಪತಾಕೆ, ಜೋಗ್‌ಚೆನ್ ಮಠ. 1970ರ ದಶಕದಲ್ಲಿ ಟಿಬೆಟನ್ನರಿಗಾಗಿ ಕಟ್ಟಿದ ಈ ವಸತಿಗೆ ಧೊಂಡೆನ್‌ಲಿಂಗ್ ಎಂದು ಹೆಸರು. ಆಗ ಕೊಳ್ಳೇಗಾಲ ಸೀಮೆಯೂ ಮೈಸೂರು ಜಿಲ್ಲೆಯದೇ.

1959ರ ಮಾರ್ಚ್ ಕೊನೆಗೆ ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ ಬಂದರು. ಅಸ್ಸಾಮಿನ ಮಿಸಾಮಾರಿಯಲ್ಲಿ, ಬಂಗಾಳದ ಬಕ್ಸಾದಲ್ಲಿ ಶಿಬಿರ ತೆರೆದದ್ದಾಯಿತು. ಅನೇಕರಿಗೆ ಬೆಟ್ಟದ ರಸ್ತೆಗಳಲ್ಲಿ ಕಲ್ಲು ಒಡೆಯುವ ಕೂಲಿ. ಇವರಿಗೆ ಜಾಗ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಮೈಸೂರು ರಾಜ್ಯ ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಬಿಟ್ಟುಕೊಟ್ಟಿತು. ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರ ಹೆಸರನ್ನು ದಲೈ ಲಾಮಾ ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಹಿಮದ ನಾಡಿನವರು ಇಲ್ಲಿ ಡೇರೆ ಹಾಕಿಕೊಂಡು ಕಾಡು ಕಡಿದರು. ಸೆಕೆ, ಕಾಯಿಲೆ, ರಾತ್ರಿ ಹೊತ್ತು ಆನೆ ಕಾಟ. ಬಳಿಕ ಮುಂಡಗೋಡು, ಹುಣಸೂರಿನ ಗುರುಪುರ, ಕಡೆಗೆ ಒಡೆಯರಪಾಳ್ಯ. ಇಂದು ಸ್ವಸಹಾಯ ಸಂಘಗಳಿಗೆ ಹೆಸರಾದ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಈ ಪುನರ್ವಸತಿಗಾಗಿ.

ಒಂದು ಮಾತು ಇಲ್ಲಿ ಹೇಳಲೇಬೇಕು. ನಂಜನಗೂಡಿನ ಪಕ್ಕ ಹರಿಯುವ ಕಬಿನಿಗೆ ಎಚ್.ಡಿ. ಕೋಟೆಯಲ್ಲಿ ಅಣೆಕಟ್ಟು ಎದ್ದದ್ದೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ. ಅಲ್ಲಿ ಮುಳುಗಡೆಯಿಂದ ನೆಲೆ ಕಳೆದುಕೊಂಡ ಕಾಡುಕುರುಬರಿಗೆ ಇಷ್ಟು ಅಚ್ಚುಕಟ್ಟಾದ ಯೋಜನೆ ಸಿಗಲಿಲ್ಲ. ಅದು ಟಿಬೆಟನ್ನರ ತಪ್ಪಲ್ಲ. ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ ಎಂಬುದು ಮಾತ್ರ ಒಡೆಯರಪಾಳ್ಯದಲ್ಲಿ ಕಣ್ಣಿಗೆ ಕಾಣುತ್ತದೆ.

ನಿರಾಶ್ರಿತರಿಗೆ ನೆಲೆ ಕೊಡಲು ಅಮೆರಿಕದಲ್ಲಿ 1980ರ ಕಾನೂನೇ ಇದೆ. ವರ್ಷಕ್ಕೆ ಎಷ್ಟು ಜನ ಎಂದು ಅಧ್ಯಕ್ಷರು ಮಿತಿ ಹಾಕುತ್ತಾರೆ. ವಿಮಾನದ ಟಿಕೆಟ್ಟಿನ ಹಣವನ್ನು ಬಡ್ಡಿಯಿಲ್ಲದ ಸಾಲವಾಗಿ ಕೊಟ್ಟು, ನಿರಾಶ್ರಿತರಿಂದಲೇ ಕಂತಿನಲ್ಲಿ ವಸೂಲಿ ಮಾಡುತ್ತಾರೆ. ಅಂಥ ವ್ಯವಸ್ಥೆಯೂ 2025ರ ಜನವರಿಯಲ್ಲಿ ಒಂದೇ ಸಹಿಗೆ ಬಹುಪಾಲು ನಿಂತಿತು. ನಮ್ಮಲ್ಲಿ ಕಾನೂನೂ ಇಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಕೊಟ್ಟದ್ದೆಲ್ಲ ಸರ್ಕಾರದ ಔದಾರ್ಯ. ಹಾಗಾಗಿ ಇಲ್ಲೇ ಹುಟ್ಟಿ ಬೆಳೆದವರೂ ವಿದೇಶಿಯರಾಗಿ ನೋಂದಣಿ ಪತ್ರವನ್ನು ಅವಧಿ ಮುಗಿದಂತೆಲ್ಲ ನವೀಕರಿಸಿಕೊಳ್ಳಬೇಕು. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟಿನ ಬದಲು ಹಳದಿ ರಟ್ಟಿನ ಒಂದು ಗುರುತು ಪುಸ್ತಕ.

ಆದರೆ 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂಬುದನ್ನು 2013ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. 2017ರಲ್ಲಿ ಕೇಂದ್ರ ಪಾಸ್‌ಪೋರ್ಟ್ ಕೊಡಲು ಒಪ್ಪಿತು, ಷರತ್ತಿನೊಂದಿಗೆ: ನೋಂದಣಿ ಪತ್ರ ಹಿಂತಿರುಗಿಸಬೇಕು, ನಿರಾಶ್ರಿತರ ವಸತಿಯನ್ನೂ ಬಿಡಬೇಕು. ಅಪ್ಪ ಕಾಡು ಕಡಿದು ಮಾಡಿದ ಹೊಲ ಆ ವಸತಿಯ ಒಳಗೇ ಇದೆ.