ಬಾಗಿಲು ತೆರೆದಿಟ್ಟರೆ ಸಾಲದು

ಧರ್ಮಕೇಂದ್ರವನ್ನು ಇಂಗ್ಲಿಷಿನಲ್ಲಿ 'ಪ್ಯಾರಿಶ್' ಎನ್ನುತ್ತೇವೆ. ಈ ಪದದ ಬೇರನ್ನು ಅರಸಿ ಹೋದರೆ 'ಪರೋಯ್ಕಿಯ' ಎಂಬ ಗ್ರೀಕ್ ಶಬ್ದ ದೊರಕುತ್ತದೆ. ಪರಸ್ಥಳದಲ್ಲಿ ತಂಗಿದವರ ವಾಸ ಎಂಬುದು ಅದರ ಅರ್ಥ. ಆದಿ ಕ್ರೈಸ್ತರು ತಮ್ಮನ್ನು ಈ ಲೋಕದ ಯಾತ್ರಿಕರೆಂದೇ ಭಾವಿಸಿದ್ದರು. ಹೀಗಿರಲು, ಧರ್ಮಕೇಂದ್ರದೊಳಗೆ 'ನಮ್ಮವರು', 'ಹೊರಗಿನವರು' ಎಂಬ ಭೇದಕ್ಕೆ ಆಧಾರವೆಲ್ಲಿದೆ?

ಕರಾವಳಿಯ ಕಥೋಲಿಕರಾದ ನಮಗೆ ಇದು ಬರಿಯ ಪದವಿಚಾರವಲ್ಲ, ಮನೆತನದ ಚರಿತ್ರೆ. ನಮ್ಮ ಪೂರ್ವಿಕರಲ್ಲಿ ಬಹುಮಂದಿ ಶತಮಾನಗಳ ಹಿಂದೆ ಗೋವೆಯನ್ನು ತೊರೆದು ಈ ನೆಲಕ್ಕೆ ಬಂದವರು. ಕೆಳದಿಯ ಅರಸರು ಅವರಿಗೆ ಆಶ್ರಯವಿತ್ತು, ಬೇಸಾಯಕ್ಕೆ ಭೂಮಿ ಒದಗಿಸಿದರು. ಅನ್ಯಧರ್ಮೀಯ ದೊರೆಗಳ ಔದಾರ್ಯದಿಂದ ಬೇರೂರಿದ ಸಮುದಾಯ ನಮ್ಮದು.

ಇಂದು ನಮ್ಮ ಊರುಗಳಿಗೂ ಹೊಸಬರು ಬರುತ್ತಿದ್ದಾರೆ. ಬಯಲುಸೀಮೆಯಿಂದ, ಝಾರ್ಖಂಡ್, ಒಡಿಶಾಗಳಿಂದ ದುಡಿಮೆಯನ್ನರಸಿ ಬಂದ ಕಥೋಲಿಕ ಕುಟುಂಬಗಳು ಭಾನುವಾರದ ಬಲಿಪೂಜೆಗೆ ಬಂದು ಕಡೆಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತವೆ. ಅವರಿಗೆ ಕೊಂಕಣಿ ತಿಳಿಯದು. ಪೂಜೆ ಮುಗಿದೊಡನೆ ನಾವು ಪರಿಚಿತರೊಡನೆ ಅಂಗಳದಲ್ಲಿ ಮಾತಿಗೆ ನಿಲ್ಲುತ್ತೇವೆ. ಅವರು ಮೌನವಾಗಿ ಗೇಟು ದಾಟುತ್ತಾರೆ. ಒಂದೇ ಪರಮಪ್ರಸಾದವನ್ನು ಸ್ವೀಕರಿಸಿದವರು ಪರಸ್ಪರ ಹೆಸರನ್ನೂ ಅರಿಯದೆ ಅಗಲುತ್ತೇವೆ.

ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರವನ್ನು ನೆನೆಯಿರಿ. 2016ರಲ್ಲಿ ಬಸಿಲಿಕಾ ಪದವಿಗೇರಿದ ಆ ದೇವಾಲಯದ ಜನವರಿಯ ಉತ್ಸವಕ್ಕೆ ಸರ್ವಧರ್ಮೀಯರೂ ಹರಿದುಬರುತ್ತಾರೆ. ಮೊಂಬತ್ತಿ ಹಿಡಿದು ನಿಂತವನ ಜಾತಿಯನ್ನಾಗಲಿ, ಧರ್ಮವನ್ನಾಗಲಿ ಅಲ್ಲಿ ಯಾರೂ ವಿಚಾರಿಸುವುದಿಲ್ಲ. ಉತ್ಸವದ ದಿನ ನಮ್ಮಿಂದ ಸಾಧ್ಯವಾಗುವ ಈ ವಿಶಾಲತೆ ಸಾಮಾನ್ಯ ಭಾನುವಾರದಂದು ಏಕೆ ಸಾಧ್ಯವಾಗಬಾರದು?

ಯೆಹೂದಿ ತತ್ತ್ವಜ್ಞಾನಿ ಮಾರ್ಟಿನ್ ಬೂಬರ್ 1923ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎರಡು ಬಗೆಯ ಸಂಬಂಧಗಳನ್ನು ವಿವೇಚಿಸಿದ್ದಾರೆ. ಎದುರಿನವರನ್ನು 'ಅದು' ಎಂದು ವಸ್ತುವಿನಂತೆ ಕಾಣುವುದು ಒಂದು. 'ನೀನು' ಎಂದು ವ್ಯಕ್ತಿಯಾಗಿ ಸಂಧಿಸುವುದು ಇನ್ನೊಂದು. ಚರ್ಚಿಗೆ ಬಂದವರನ್ನು ಸಂಖ್ಯೆಯಾಗಿ ಎಣಿಸಿದಲ್ಲಿ ನಮ್ಮ ಆಹ್ವಾನ ಮೊದಲನೆಯ ಬಗೆಯದಾಗುತ್ತದೆ.

ಆಹ್ವಾನವೆಂದರೆ ಒತ್ತಾಯವಲ್ಲ, ಆಮಿಷವಂತೂ ಅಲ್ಲವೇ ಅಲ್ಲ. ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಲಾಗದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸ್ಪಷ್ಟವಾಗಿ ಬೋಧಿಸಿತು. ನಜರೇತಿನಿಂದ ಒಳ್ಳೆಯದೇನು ಬಂದೀತೆಂದು ಶಂಕಿಸಿದ ನತಾನಿಯೇಲನೊಡನೆ ಫಿಲಿಪ್ಪನು ವಾದಕ್ಕಿಳಿಯಲಿಲ್ಲ. ಬಂದು ಸ್ವತಃ ನೋಡುವಂತೆ ಕರೆದನು, ಅಷ್ಟೇ. ಆದರೆ ಹಾಗೆ ಕರೆಯಬೇಕಾದರೆ ಬಂದವರ ಕಣ್ಣಿಗೆ ಬೀಳುವಂಥದ್ದು ನಮ್ಮಲ್ಲಿ ಇರಬೇಕಲ್ಲವೇ?

ಇದಕ್ಕೆ ದೊಡ್ಡ ಯೋಜನೆಗಳು ಬೇಡ. ಬೆಂಚಿನಲ್ಲಿ ಕೊಂಚ ಸರಿದು ಸ್ಥಳ ಕೊಡೋಣ. ಪೂಜೆಯ ಬಳಿಕ ಅಪರಿಚಿತ ಮುಖವೊಂದನ್ನು ಕಂಡು ಹೆಸರು, ಊರು ಕೇಳೋಣ. ವಾಳೆಯ ಗುರಿಕಾರರು ಬಾಡಿಗೆ ಕೋಣೆಗಳಿಗೂ ಒಮ್ಮೆ ಹೋಗಿಬರಲಿ. ಮನಸ್ತಾಪದಿಂದ ವರ್ಷಗಳಿಂದ ಇಗರ್ಜಿಯ ಮೆಟ್ಟಿಲು ಹತ್ತದ ನೆರೆಯವರ ಮನೆಗೆ, ಉಪದೇಶವನ್ನು ಬದಿಗಿಟ್ಟು, ತೆನೆಹಬ್ಬದ ಹೊಸ ಅಕ್ಕಿಯ ಊಟದೊಂದಿಗೆ ಹೋಗೋಣ. ಅನ್ಯಧರ್ಮೀಯ ನೆರೆಹೊರೆಯವರು ಕ್ರಿಸ್ಮಸ್ ರಾತ್ರಿ ಗೋದಲಿ ನೋಡಲು ಬಂದಾಗ ಮುಂದೆ ಕರೆದು ಕುಳ್ಳಿರಿಸೋಣ.

ಮುಂದಿನ ಭಾನುವಾರ ಕಡೆಯ ಬೆಂಚಿನತ್ತ ಒಮ್ಮೆ ತಿರುಗಿ ನೋಡೋಣ, ಪ್ರಿಯ ಕ್ರಿಸ್ತಬಾಂಧವರೇ. ಪರದೇಶಿಯ ರೂಪದಲ್ಲಿ ತಮ್ಮನ್ನೇ ಸ್ವಾಗತಿಸುವಿರೆಂದ ಯೇಸುಸ್ವಾಮಿ ಅಲ್ಲಿಯೇ ಕುಳಿತಿರಬಹುದು.